ಹಳೆಯ ಗ್ರ್ಯಾಂಡ್ ಪಿಯಾನೊದ ಆ್ಯಕ್ಷನ್ ಹೊಂದಿಸುವ ಕ್ರಮ

ಕೀ ಒತ್ತಿದಾಗ ಹ್ಯಾಮರನ್ನು ತಂತಿಗೆ ಬಡಿಸುವ ಯಂತ್ರಭಾಗವೇ ಆ್ಯಕ್ಷನ್. ಹಳೆಯ ಪಿಯಾನೊದ ಕೀ ಭಾರವಾಗಿದ್ದರೆ ತಿರುಪು ಮುಟ್ಟುವ ಮೊದಲು ಘರ್ಷಣೆ ಎಲ್ಲಿದೆ, ಫೆಲ್ಟ್ ಎಲ್ಲಿ ಸವೆದಿದೆ ಎಂದು ಹುಡುಕಿ. ಇವೆರಡನ್ನು ಬಿಟ್ಟು ಹೊಂದಿಸಿದ್ದು ಹೆಚ್ಚು ದಿನ ನಿಲ್ಲುವುದಿಲ್ಲ. ಇಲ್ಲಿರುವ ಕ್ರಮ, ಪಿಯಾನೊ ತಯಾರಕ ಎರಾರ್ಡ್ 1821ರಲ್ಲಿ ಪೇಟೆಂಟ್ ಪಡೆದ, ಕೀ ಪೂರ್ತಿ ಮೇಲೇಳುವ ಮೊದಲೇ ಅದೇ ಸ್ವರ ಮತ್ತೆ ನುಡಿಸಲು ಬಿಡುವ ಡಬಲ್ ಎಸ್ಕೇಪ್‌ಮೆಂಟ್‌ನಿಂದ ಬೆಳೆದು ಬಂದ ಆ್ಯಕ್ಷನ್‌ಗೆ ಮಾತ್ರ. ಹ್ಯಾಮರ್ ಕೀ ಮೇಲೆಯೇ ಕೂತಿದ್ದರೆ ಅದು ವಿಯೆನ್ನಾ ಮಾದರಿ. ಅದರ ಲೆಕ್ಕವೇ ಬೇರೆ.

ಆ್ಯಕ್ಷನ್ ಹೊರಗೆಳೆಯುವಾಗ ಒಂದು ಕೀಯೂ ಒತ್ತಿಹೋಗಬಾರದು. ಒತ್ತಿದ ಕೀ ಹ್ಯಾಮರನ್ನು ಎತ್ತುತ್ತದೆ, ಅದು ಪಿನ್ ಬ್ಲಾಕಿಗೆ (ತಂತಿಯ ಶ್ರುತಿ ಮೊಳೆಗಳಿರುವ ಮರದ ಹಲಗೆ) ಸಿಕ್ಕಿ ಹಿಡಿ ಮುರಿಯುತ್ತದೆ. ಕೀಗಳೊಳಗಿನ ಸೀಸದ ತೂಕಗಳಲ್ಲಿ ಬಿಳಿ ಪುಡಿ ಕಂಡರೆ ಮಾಸ್ಕ್, ಗ್ಲೌಸ್ ಹಾಕಿಕೊಳ್ಳಿ, ಅದು ವಿಷ. ಉಬ್ಬಿದ ಸೀಸ ಪಕ್ಕದ ಕೀಗೆ ಉಜ್ಜಿ ಅದನ್ನೂ ಹಿಡಿಯುತ್ತದೆ. ಬಿಗಿಯಾದ ಸೆಂಟರ್ ಪಿನ್ನಿಗೆ (ಆ್ಯಕ್ಷನ್ ಭಾಗಗಳು ತಿರುಗುವ ಸಣ್ಣ ಲೋಹದ ಕೀಲು) ಎಣ್ಣೆ ಬಿಡಲೇಬೇಡಿ. ಮರ, ಫೆಲ್ಟ್ ಎರಡೂ ಅದನ್ನು ಹೀರಿಕೊಂಡು ಮುಂದೆ ಇನ್ನಷ್ಟು ಅಂಟಾಗುತ್ತವೆ. ಹ್ಯಾಮರ್ ತಲೆಯಲ್ಲಿ ತಂತಿಯ ಗೆರೆ ಆಳವಾಗಿದ್ದರೆ ಈಗಲೇ ಉಜ್ಜಿ ಸರಿಮಾಡಿ. ಆಮೇಲೆ ಉಜ್ಜಿದರೆ ಅಳತೆಯೆಲ್ಲ ತಪ್ಪುತ್ತದೆ.

ಕೀಗಳನ್ನು ಹೊತ್ತ ಚೌಕಟ್ಟು, ಅಂದರೆ ಕೀ ಫ್ರೇಮ್, ತಳಕ್ಕೆ ಸರಿಯಾಗಿ ಕೂತಿದೆಯೇ ಎಂದು ಬೆರಳಿನಿಂದ ತಟ್ಟಿ ನೋಡಿ, ಟಕ್ ಎಂದರೆ ಸಂದಿದೆ. ಅದನ್ನು ಸರಿಪಡಿಸಿ ಕೀಗಳನ್ನು ಸಮಮಟ್ಟಕ್ಕೆ ತನ್ನಿ.

ಇನ್ನು ಎಲ್ಲ ಕೀಗಳಿಗೂ ಒಮ್ಮೆಗೇ ಕೈಹಾಕದೆ, ಮಂದ್ರ, ಮಧ್ಯ, ತಾರದಲ್ಲಿ ಒಂದೊಂದು ಕೀಯನ್ನು ಪೂರ್ತಿ ಹೊಂದಿಸಿ. ಈಗಿನ ಪಿಯಾನೊಗಳಲ್ಲಿ ಕೀ ಸುಮಾರು 10 ಮಿ.ಮೀ. ಇಳಿಯುತ್ತದೆ, ಹ್ಯಾಮರ್ ತಂತಿಯಿಂದ ಸುಮಾರು 45 ಮಿ.ಮೀ. ಕೆಳಗಿರುತ್ತದೆ. ಹಳೆಯವುಗಳಲ್ಲಿ ಇಳಿತ 9 ಮಿ.ಮೀ. ಆಸುಪಾಸು ಇರುವುದುಂಟು, ಅದಕ್ಕೆ 45 ಹೊಂದಲಾರದು. ನಂಬಬೇಕಾದ್ದು ಒಂದನ್ನೇ: ಜ್ಯಾಕ್ (ಹ್ಯಾಮರನ್ನು ಮೇಲೆ ತಳ್ಳುವ ಸಣ್ಣ ಕೋಲು) ಕಳಚಿದ ಮೇಲೆ ಕೀ ಇನ್ನೂ ಸುಮಾರು 1 ಮಿ.ಮೀ. ಇಳಿಯಬೇಕು. ಅಷ್ಟಿಲ್ಲದಿದ್ದರೆ ಜ್ಯಾಕ್ ಪೂರ್ತಿ ಸರಿಯದೆ ಹ್ಯಾಮರ್ ಪುಟಿದು ತಂತಿಗೆ ಎರಡನೇ ಸಲ ಬಡಿಯುತ್ತದೆ. ಕೀ ಇಳಿತದ 1 ಮಿ.ಮೀ. ಹ್ಯಾಮರ್ ಕಡೆ ಸುಮಾರು 5 ಮಿ.ಮೀ. ಆಗುವುದರಿಂದ, ಕ್ಯಾಪ್‌ಸ್ಟನ್ (ಕೀ ಹಿಂಭಾಗದ ಎತ್ತರ ಹೊಂದಿಸುವ ತಿರುಪು) ತಿರುಗಿಸಿ ಹ್ಯಾಮರನ್ನು ಒಂದೆರಡು ಮಿ.ಮೀ. ಎತ್ತುವುದರ ಜೊತೆಗೆ ಕೀ ಮುಂಭಾಗದ ಫೆಲ್ಟ್ ಅಡಿಯ ತೆಳು ಕಾಗದ ಬಿಲ್ಲೆ ತೆಗೆದು ಇಳಿತ ಹೆಚ್ಚಿಸುವುದು ಮೇಲು. ಹ್ಯಾಮರನ್ನಷ್ಟೇ ಎತ್ತುತ್ತ ಹೋದರೆ ನಾದದ ಬಲ ಕುಗ್ಗುತ್ತದೆ.

ಜ್ಯಾಕಿನ ಹಿಂಬದಿ ಅಂಚು ನಕಲ್‌ನ ಮರದ ತಿರುಳಿನ ಹಿಂಬದಿಗೆ ನೇರವಾಗಿರಲಿ (ನಕಲ್ ಎಂದರೆ ಹ್ಯಾಮರ್ ಹಿಡಿಯ ಅಡಿಯಲ್ಲಿ ಜ್ಯಾಕ್ ತಳ್ಳುವ ಚರ್ಮದ ಉಬ್ಬು). ತೀರಾ ಕಡಿಮೆ ಸಿಕ್ಕಿದ್ದರೆ ಜೋರಾಗಿ ನುಡಿಸಿದಾಗ ಜಾರುತ್ತದೆ. ರೆಪಿಟಿಷನ್ ಲಿವರ್ (ಜ್ಯಾಕ್ ಮರಳುವಂತೆ ನಕಲ್ ಅನ್ನು ಎತ್ತಿಹಿಡಿಯುವ ಸನ್ನೆ) ಜ್ಯಾಕಿಗಿಂತ ಕೂದಲೆಳೆಯಷ್ಟು ಮೇಲಿರಬೇಕು. ಕೆಳಗಿದ್ದರೆ ಜ್ಯಾಕ್ ನಕಲ್ ಅಡಿಗೆ ಮರಳದೆ ಸ್ವರ ತಪ್ಪುತ್ತದೆ.

ಕೀ ಮೆಲ್ಲಗೆ ಒತ್ತಿದಾಗ ಲೆಟ್-ಆಫ್ (ಜ್ಯಾಕ್ ಕಳಚಿ ಹ್ಯಾಮರನ್ನು ಬಿಡುವುದು) ತಾರದಲ್ಲಿ ತಂತಿಗೆ 1.5 ಮಿ.ಮೀ., ಮಂದ್ರದಲ್ಲಿ 3 ಮಿ.ಮೀ. ದೂರದಲ್ಲಿ ಆಗಲಿ, ಏಕೆಂದರೆ ಮಂದ್ರದ ತಂತಿ ಅಗಲವಾಗಿ ಕಂಪಿಸುತ್ತದೆ. ಇದನ್ನು ಹೊಂದಿಸುವ ಒಣಗಿದ ಮರದ ಲೆಟ್-ಆಫ್ ಬಟನ್ ಸೀಳಬಹುದು, ಸ್ವಲ್ಪಸ್ವಲ್ಪವೇ ತಿರುಗಿಸಿ. ಲೆಟ್-ಆಫ್ ಆದ ಜಾಗದಿಂದ ಹ್ಯಾಮರ್ ಇನ್ನೂ 1.5 ಮಿ.ಮೀ. ಇಳಿಯಲಿ. ಗಟ್ಟಿಯಾಗಿ ನುಡಿಸಿದಾಗ, ಮರಳುವ ಹ್ಯಾಮರನ್ನು ಹಿಡಿಯುವ ಬ್ಯಾಕ್‌ಚೆಕ್ ಅದನ್ನು ತಂತಿಯಿಂದ 15 ಮಿ.ಮೀ. ಕೆಳಗೆ ಹಿಡಿಯಬೇಕು.

ರೆಪಿಟಿಷನ್ ಲಿವರನ್ನು ಎತ್ತುವ ಸ್ಪ್ರಿಂಗ್ ಕೊನೆಗೆ. ಹಿಡಿದ ಹ್ಯಾಮರನ್ನು ಮೆಲ್ಲಗೆ ಬಿಟ್ಟಾಗ ಅದು ಎಗರದೆ, ತಡೆಯದೆ ಮೇಲೇರಬೇಕು. ತಡವರಿಸಿದರೆ ಬಗ್ಗಿಸುವ ಮುನ್ನ ಸ್ಪ್ರಿಂಗ್ ತುದಿ ಜಾರುವ ತೋಡು ನೋಡಿ. ಹಳೆಯ ಗ್ರಾಫೈಟ್ ಅಲ್ಲಿ ಕಪ್ಪು ಹೆಪ್ಪಾಗಿ ಕೂತಿರುತ್ತದೆ. ಚೂಪು ಕಡ್ಡಿಯಿಂದ ಕೆರೆದು ತೆಗೆದರೆ ಎಷ್ಟೋ ಸಲ ಸ್ಪ್ರಿಂಗ್ ಮುಟ್ಟಬೇಕಾಗಿಯೇ ಬರುವುದಿಲ್ಲ.

ಹ್ಯಾಮರ್ ಅರ್ಧ ದಾರಿ ಏರಿದಾಗ ಡ್ಯಾಂಪರ್ (ತಂತಿಯ ನಾದ ತಡೆಯುವ ಫೆಲ್ಟ್ ತುಂಡು) ಎದ್ದರೆ ಸರಿ. ಹೊಸ ಫೆಲ್ಟ್ ಹಾಕಿದ್ದರೆ ಕೆಲವು ವಾರ ನುಡಿಸಿದ ಮೇಲೆ ಅದು ಕುಸಿದಿರುತ್ತದೆ; ಹ್ಯಾಮರ್ ಎತ್ತರವನ್ನೂ ಲೆಟ್-ಆಫ್ ಅನ್ನೂ ಮತ್ತೊಮ್ಮೆ ಅಳೆದು ಹೊಂದಿಸಿ.