ಥೈರಾಯ್ಡ್ ಕ್ಯಾನ್ಸರ್ ಗಂಡಸರಲ್ಲಿ ಹೆಚ್ಚು ಮರುಕಳಿಸುತ್ತದೆಯೇ? ನನ್ನ ಲೆಡ್ಜರಿನ ಲೆಕ್ಕ

ಕೋಲಾರದಲ್ಲಿ ಕತ್ತಿನ ಶಸ್ತ್ರಚಿಕಿತ್ಸೆ ಮಾಡಿಕೊಂಡು ಬಂದಿರುವ ನನಗೆ ಥೈರಾಯ್ಡ್ ಕ್ಯಾನ್ಸರ್ ಎಂದೊಡನೆ ಕಣ್ಣ ಮುಂದೆ ಬರುವುದು ಹೆಂಗಸರ ಸಾಲು. ಇದು ನಮ್ಮ ಊರಿನ ವಿಶೇಷವೇನಲ್ಲ. ಎಲ್ಲ ಕಡೆಯೂ ಈ ಕ್ಯಾನ್ಸರ್ ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು 3 ಪಟ್ಟು ಹೆಚ್ಚಾಗಿ ಪತ್ತೆಯಾಗುತ್ತದೆ. ಆದರೆ ಮೊದಲ ಶಸ್ತ್ರಚಿಕಿತ್ಸೆಯಾಗಿ ಕೆಲವು ವರ್ಷ ಕಳೆದ ಮೇಲೆ ಕತ್ತಿನ ಪಕ್ಕದಲ್ಲಿ ಮತ್ತೆ ಗಂಟು ಕಾಣಿಸಿಕೊಂಡು ಎರಡನೆಯ ಸಲ ಆಪರೇಷನ್ ಥಿಯೇಟರಿಗೆ ಬರುವವರಲ್ಲಿ ಗಂಡಸರ ಪಾಲು ಇರಬೇಕಾದುದಕ್ಕಿಂತ ಹೆಚ್ಚಾಗಿದೆ ಎಂದು ನನಗೆ ಬಹಳ ದಿನಗಳಿಂದ ಅನ್ನಿಸುತ್ತಿತ್ತು. ಬರೀ ಅನಿಸಿಕೆಯನ್ನು ನೆಚ್ಚಿಕೊಳ್ಳಬಾರದೆಂದು ರಟ್ಟಿನ ಹೊದಿಕೆಯ ಲೆಡ್ಜರ್ ಒಂದನ್ನು ತರಿಸಿ, ನಾನು ಶಸ್ತ್ರಚಿಕಿತ್ಸೆ ಮಾಡಿದ ಪ್ಯಾಪಿಲರಿ ಕ್ಯಾನ್ಸರಿನ (ಥೈರಾಯ್ಡ್ ಕ್ಯಾನ್ಸರಿನ ಅತಿ ಸಾಮಾನ್ಯ ಬಗೆ) ರೋಗಿಗಳನ್ನೆಲ್ಲ ಒಬ್ಬೊಬ್ಬರಿಗೆ ಒಂದು ಸಾಲಿನಂತೆ ಬರೆಯತೊಡಗಿದೆ.

ಬರೆಯಲು ಪ್ರೇರೇಪಿಸಿದ್ದು ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದ, 50ರ ಆಸುಪಾಸಿನ ಒಬ್ಬರು. ಅವರ ಕೊರಳಿನ ಗಂಟನ್ನು ಮೊದಲು ಗಮನಿಸಿದ್ದು ಕ್ಷೌರದಂಗಡಿಯವನು. ಗಲ್ಲದ ಕೆಳಗೆ ಕತ್ತಿ ಆಡಿಸುವಾಗ ಚರ್ಮ ಒಂದು ಕಡೆ ಉಬ್ಬಿರುವುದು ಅವನ ಬೆರಳಿಗೆ ತಿಳಿದಿತ್ತು. ಅದಾಗಿ ಒಂದೂವರೆ ವರ್ಷದ ನಂತರ ನನ್ನ ಮುಂದೆ ಕುಳಿತವರು, "ಥೈರಾಯ್ಡ್ ಅಂದ್ರೆ ಹೆಂಗಸ್ರ ಕಾಯಿಲೆ ಅಲ್ವಾ ಮೇಡಂ? ನಮ್ಮನೆಯವ್ರು ದಿನಾ ಮಾತ್ರೆ ತಗೊಳ್ತಾರೆ" ಎಂದರು. ಅಷ್ಟರಲ್ಲಿ ಗಂಟು 4 ಸೆಂಟಿಮೀಟರ್ ದಾಟಿತ್ತು, ಕತ್ತಿನ ಬಲಪಕ್ಕದ ದುಗ್ಧಗ್ರಂಥಿಗಳು ಕೈಗೆ ಸಿಗುತ್ತಿದ್ದವು. ಎರಡು ವರ್ಷಗಳ ನಂತರ ಅವರಿಗೆ ರೋಗ ಮರುಕಳಿಸಿತು.

ಮೊದಲು ಗಂಡು, ಹೆಣ್ಣು ಎಂದು ಎರಡೇ ಗುಂಪು ಮಾಡಿ ನೋಡಿದಾಗ ಗಂಡಸರಲ್ಲಿ ಮರುಕಳಿಕೆ ಹೆಚ್ಚೆಂಬುದು ಎದ್ದು ಕಂಡಿತು. ಆದರೆ ಈ ಹೋಲಿಕೆ ನ್ಯಾಯವಾದುದಲ್ಲ. ಗಂಡಸರು ಬರುವಾಗಲೇ ಗಂಟು ದೊಡ್ಡದಾಗಿರುತ್ತದೆ, ದುಗ್ಧಗ್ರಂಥಿಗಳಿಗೆ ಹರಡಿರುವುದೂ ಥೈರಾಯ್ಡ್ ಗ್ರಂಥಿಯ ಹೊರಗಿನ ಸ್ನಾಯುವಿಗೆ ಚಾಚಿಕೊಂಡಿರುವುದೂ ಅವರಲ್ಲೇ ಹೆಚ್ಚು. ಆದ್ದರಿಂದ ಪ್ರತಿಯೊಬ್ಬ ಗಂಡಸಿನ ಎದುರಿಗೆ ಸರಿಸುಮಾರು ಅದೇ ವಯಸ್ಸಿನ, ಅಷ್ಟೇ ಗಾತ್ರದ ಗಂಟಿನ, ಅಷ್ಟೇ ದುಗ್ಧಗ್ರಂಥಿಗಳಿಗೆ ಹರಡಿದ್ದ ಒಬ್ಬ ಹೆಂಗಸಿನ ಸಾಲನ್ನು ಹುಡುಕಿ ಪೆನ್ಸಿಲಿನಿಂದ ಜೋಡಿ ಮಾಡುತ್ತಾ ಹೋದೆ. ಕೆಲವು ಗಂಡಸರಿಗೆ ಜೋಡಿಯೇ ಸಿಗಲಿಲ್ಲ. ಅಷ್ಟು ಬೆಳೆಯುವವರೆಗೆ ಯಾವ ಹೆಂಗಸೂ ಕಾದಿರಲಿಲ್ಲ. ಜೋಡಿ ಸಿಕ್ಕವರಲ್ಲಿ ಗಂಡು ಹೆಣ್ಣಿನ ಅಂತರ ಬಹುಮಟ್ಟಿಗೆ ಕುಗ್ಗಿತು. ಪೂರ್ತಿ ಇಲ್ಲವಾಯಿತೆಂದು ಹೇಳುವಷ್ಟು ದೊಡ್ಡ ಸಂಖ್ಯೆ ನನ್ನದಲ್ಲ.

ಹಿಂದಿನವರು ಲಿಂಗವನ್ನು ನೇರವಾಗಿಯೇ ಲೆಕ್ಕಕ್ಕೆ ಹಿಡಿದಿದ್ದರು. ರೋಗಿಯ ಅಪಾಯವನ್ನು ಅಂದಾಜು ಮಾಡಲು 1988ರಲ್ಲಿ ಬಂದ ಏಮ್ಸ್ (AMES) ವಿಧಾನದಲ್ಲಿ ಅಪಾಯದ ವಯಸ್ಸು ಗಂಡಸರಿಗೆ 41ರಿಂದ, ಹೆಂಗಸರಿಗೆ 51ರಿಂದ ಆರಂಭವಾಗುತ್ತಿತ್ತು. ಆದರೆ ಅದೇ ಉದ್ದೇಶದ 1993ರ ಮಾಸಿಸ್ (MACIS) ಸೂತ್ರದಲ್ಲಿ ಲಿಂಗಕ್ಕೆ ಸ್ಥಾನವಿಲ್ಲ. 2018ರಿಂದ ಬಳಕೆಯಲ್ಲಿರುವ, ರೋಗ ಎಷ್ಟು ಮುಂದುವರಿದಿದೆ ಎಂದು ಗುರುತಿಸುವ ಹಂತ ನಿರ್ಣಯವು ಇಬ್ಬರಿಗೂ 55 ವರ್ಷವನ್ನೇ ಗಡಿಯಾಗಿ ಇಟ್ಟುಕೊಂಡಿದೆ. ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ನಿನ 2015ರ ಮಾರ್ಗಸೂಚಿಯೂ ಮರುಕಳಿಕೆಯ ಅಪಾಯವನ್ನು ಅಳೆದದ್ದು ರೋಗದ ಹರಡುವಿಕೆಯಿಂದ: 5 ಅಥವಾ ಅದಕ್ಕಿಂತ ಕಡಿಮೆ ದುಗ್ಧಗ್ರಂಥಿಗಳಲ್ಲಿ ರೋಗವಿದ್ದರೆ ಸುಮಾರು ಶೇ. 5, ಅದಕ್ಕೆ ಮೇಲ್ಪಟ್ಟರೆ ಶೇ. 20ರಷ್ಟು, ರೋಗ ತಗುಲಿದ ದುಗ್ಧಗ್ರಂಥಿ 3 ಸೆಂಟಿಮೀಟರಿಗಿಂತ ದೊಡ್ಡದಿದ್ದರೆ ಶೇ. 30ರಷ್ಟು. ನನ್ನ ಜೋಡಿ ಲೆಕ್ಕವೂ ಬಯಾಪ್ಸಿ ವರದಿಯ ಕಡೆಗೇ ಕೈ ತೋರಿಸುತ್ತಿತ್ತು. ಹಾಗೆಂದು ಜೀವಕೋಶದ ಮಟ್ಟದಲ್ಲಿ ವ್ಯತ್ಯಾಸವೇ ಇಲ್ಲವೆಂದು ನಾನು ವಾದಿಸುವುದಿಲ್ಲ. ಬಿರಾಫ್ (BRAF) ಎಂಬ ವಂಶವಾಹಿಯಲ್ಲಿ ರೂಪಾಂತರವಿರುವ ಪ್ಯಾಪಿಲರಿ ರೋಗಿಗಳಲ್ಲಿ ಗಂಡಸರಿಗೆ ಸಾವಿನ ಅಪಾಯ ಹೆಚ್ಚೆಂದೂ, ರೂಪಾಂತರ ಇಲ್ಲದವರಲ್ಲಿ ಆ ಭೇದ ಕಾಣಲಿಲ್ಲವೆಂದೂ 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು.

ನನ್ನನ್ನು ಹೆಚ್ಚು ಕಾಡಿದ್ದು ಲೆಡ್ಜರಿನ ಕೊನೆಯ ಕಲಂ. ಅಲ್ಲಿ "ಮರುಕಳಿಕೆ: ಇಲ್ಲ" ಎಂದು ಬರೆದಿದ್ದ ಎಷ್ಟೋ ಗಂಡಸರು ಮೂರು ನಾಲ್ಕು ವರ್ಷಗಳಿಂದ ನನ್ನ ಬಳಿಗೆ ಬಂದೇ ಇರಲಿಲ್ಲ. ಬಾರದವರನ್ನು ನಾನು ಗುಣವಾದವರೆಂದು ಎಣಿಸುತ್ತಿದ್ದೆ. ಆದ್ದರಿಂದ ಕೊನೆಯ ಭೇಟಿಯ ದಿನಾಂಕಕ್ಕೆ ಬೇರೆ ಕಲಂ ಎಳೆದು, ಆ ದಿನದವರೆಗೆ ಮಾತ್ರ ರೋಗವಿರಲಿಲ್ಲ ಎಂದು ತಿದ್ದಿ ಬರೆದೆ. ತಿದ್ದಿದ ಮೇಲೆ, ಗಂಡಸರ ಬಗ್ಗೆ ನನಗೆ ತಿಳಿದಿದ್ದುದು ನಾನು ಅಂದುಕೊಂಡಿದ್ದಕ್ಕಿಂತ ತುಂಬ ಕಡಿಮೆ ಎಂಬುದು ಸ್ಪಷ್ಟವಾಯಿತು. ಬಾರದಿರುವುದಕ್ಕೆ ಕಾರಣ ಕೇಳಿದರೆ ಥೈರಾಯ್ಡ್ ಹಾರ್ಮೋನಿನ ಮಾತ್ರೆ ನುಂಗುತ್ತಿದ್ದೇನಲ್ಲ ಎಂಬುದೇ ಉತ್ತರ. ಸುಗ್ಗಿಯ ತಿಂಗಳಲ್ಲಿ ತಪಾಸಣೆಯ ದಿನ ಕೊಟ್ಟರೆ ಬರುವವರೇ ಇಲ್ಲ. ಅದು ನನ್ನ ತಪ್ಪೂ ಹೌದು.

ಹೆಂಗಸರ ವಿಷಯದಲ್ಲಿ ಎಡವಿದ್ದು ಬೇರೆ ರೀತಿಯಲ್ಲಿ. ಥೈರಾಯ್ಡ್ ಪೂರ್ತಿ ತೆಗೆದ ಮೇಲೆ ರಕ್ತದಲ್ಲಿ ಥೈರೋಗ್ಲೋಬ್ಯುಲಿನ್ (ಥೈರಾಯ್ಡ್ ಜೀವಕೋಶಗಳು ತಯಾರಿಸುವ ಪ್ರೋಟೀನು) ಏರಿದರೆ ರೋಗ ಉಳಿದಿದೆ ಅಥವಾ ಮರಳಿದೆ ಎಂಬ ಅನುಮಾನ ಹುಟ್ಟಬೇಕು. ಆದರೆ ಈ ರೋಗಿಗಳಲ್ಲಿ ಸುಮಾರು ನಾಲ್ಕೈದು ಮಂದಿಗೆ ಒಬ್ಬರಲ್ಲಿ ಅದರ ವಿರುದ್ಧದ ಪ್ರತಿಕಾಯಗಳಿರುತ್ತವೆ. ದೇಹದ ರೋಗನಿರೋಧಕ ವ್ಯವಸ್ಥೆಯೇ ಥೈರಾಯ್ಡಿನ ಮೇಲೆ ಎರಗುವ ಹಾಶಿಮೊಟೊ ಉರಿಯೂತ ಹೆಂಗಸರಲ್ಲಿ ಹೆಚ್ಚಾದ್ದರಿಂದ ಈ ತೊಡಕೂ ಅವರಲ್ಲೇ ಹೆಚ್ಚು. ಪ್ರತಿಕಾಯವಿದ್ದರೆ ಸಾಮಾನ್ಯ ಪರೀಕ್ಷೆಯಲ್ಲಿ ಥೈರೋಗ್ಲೋಬ್ಯುಲಿನ್ ಸುಳ್ಳಾಗಿ ಕಡಿಮೆ ಕಾಣುತ್ತದೆ. ಮಾಲೂರಿನ ಕಡೆಯ ಒಬ್ಬ ಶಿಕ್ಷಕಿಯ ವರದಿಯಲ್ಲಿ 0.2ಕ್ಕಿಂತ ಕಡಿಮೆ ಎಂದಿದ್ದುದನ್ನು ನೋಡಿ ನಿಶ್ಚಿಂತರಾಗಿರಿ ಅಮ್ಮ ಎಂದು ಎರಡು ಸಲ ಕಳುಹಿಸಿಕೊಟ್ಟೆ. ಪ್ರತಿಕಾಯದ ಸಂಖ್ಯೆ ಸಲದಿಂದ ಸಲಕ್ಕೆ ಏರುತ್ತಿದ್ದುದು ಅದೇ ಹಾಳೆಯ ಕೆಳಗಿನ ಸಾಲಿನಲ್ಲಿತ್ತು, ನಾನು ಓದಿರಲಿಲ್ಲ. ಮೂರನೆಯ ಸಲ ಅಲ್ಟ್ರಾಸೌಂಡ್ ಮಾಡಿಸಿದಾಗ ಕತ್ತಿನ ಎಡಗಡೆಯ ದುಗ್ಧಗ್ರಂಥಿಯೊಂದರಲ್ಲಿ ರೋಗ ಸಿಕ್ಕಿತು.

ಅಂದಿನಿಂದ ಎರಡು ಸಂಖ್ಯೆಗಳನ್ನೂ ಒಂದೇ ಲ್ಯಾಬಿನಲ್ಲಿ ಮಾಡಿಸಿ, ಒಂದರ ಪಕ್ಕ ಒಂದು ಬರೆಯುತ್ತೇನೆ. ಮಕ್ಕಳಾಗಬೇಕೆಂದಿರುವ ಹೆಂಗಸರಿಗೆ, ಉಳಿದ ಥೈರಾಯ್ಡ್ ಜೀವಕೋಶಗಳನ್ನು ವಿಕಿರಣದಿಂದ ನಾಶಪಡಿಸುವ ರೇಡಿಯೋ ಅಯೋಡಿನ್‌ಗೆಂದು ಬೆಂಗಳೂರಿಗೆ ಕಳುಹಿಸುವ ಮೊದಲೇ, ಚಿಕಿತ್ಸೆಯ ನಂತರ 6ರಿಂದ 12 ತಿಂಗಳು ಗರ್ಭ ಧರಿಸಬಾರದೆಂದು ಗಂಡನನ್ನೂ ಕೂರಿಸಿಕೊಂಡು ಹೇಳುತ್ತೇನೆ. ಮುಟ್ಟು ನಿಂತವರಲ್ಲಿ ಥೈರಾಯ್ಡ್ ಜೀವಕೋಶಗಳನ್ನು ಪ್ರಚೋದಿಸುವ ಟಿಎಸ್ಎಚ್ ಹಾರ್ಮೋನನ್ನು ಮಾತ್ರೆಯಿಂದ ಅನಗತ್ಯವಾಗಿ ತಗ್ಗಿಸಿಟ್ಟರೆ ಮೂಳೆ ಸವೆಯುವುದರಿಂದ, ಅಪಾಯ ಕಡಿಮೆಯಿದ್ದರೆ ಮಾತ್ರೆಯ ಪ್ರಮಾಣವನ್ನು ಇಳಿಸುತ್ತೇನೆ.

ಗಂಡಸರ ಸಾಲಿನಲ್ಲಿ ಈಗ ಎರಡು ಫೋನ್ ನಂಬರುಗಳಿರುತ್ತವೆ, ಎರಡನೆಯದು ಮನೆಯವರದು. ದಿನಾಂಕ ಕೊಡುವ ಮೊದಲು ಏನು ಬೆಳೆ ಇಟ್ಟಿದ್ದೀರಿ, ಯಾವಾಗ ಕೊಯ್ಲು ಎಂದು ಕೇಳುತ್ತೇನೆ. ಮಂಡಿಯ ಲೆಕ್ಕದವರು ಎರಡನೆಯ ಶಸ್ತ್ರಚಿಕಿತ್ಸೆಯ ನಂತರ ಆರು ತಿಂಗಳಿಗೊಮ್ಮೆ ತಪ್ಪದೆ ಬರುತ್ತಿದ್ದಾರೆ. ಹೋದ ಸಲ ಜೊತೆಗೆ ತಮ್ಮನನ್ನೂ ಕರೆತಂದು, "ಇವನ ಕುತ್ತಿಗೆನೂ ಒಂದ್ಸಲ ನೋಡ್ಬಿಡಿ ಮೇಡಂ" ಎಂದರು. ನೋಡಿದೆ, ಏನೂ ಇರಲಿಲ್ಲ.