ಯಾವ ಬೆಂಕಿಗೆ ನೀರು, ಯಾವುದಕ್ಕೆ ಪುಡಿ, ಯಾವುದಕ್ಕೆ ನೊರೆ?

ಕಾಫಿ ಹೂ ಅರಳಿಸುವ ಹೂಮಳೆ ಬೀಳುವ ತನಕ ಕೊಡಗಿನ ತೋಟಗಳಲ್ಲಿ ತರಗೆಲೆ ಗರಿಗರಿ ಒಣಗಿರುತ್ತದೆ, ಒಂದು ಬೀಡಿ ತುಂಡು ಸಾಕು. ಬೆಂಕಿ ಕಂಡರೆ ಮೊದಲು 112ಕ್ಕೋ 101ಕ್ಕೋ ಫೋನ್ ಮಾಡಿ. ಆದರೆ ಆ ತಿರುವು ರಸ್ತೆಯಲ್ಲಿ ಅಗ್ನಿಶಾಮಕ ವಾಹನ ನಿಮ್ಮ ಲೈನ್‌ಮನೆ (ತೋಟದ ಕಾರ್ಮಿಕರ ಸಾಲುಮನೆ) ತನಕ ಬರಲು ಹೊತ್ತು ಬೇಕಲ್ವಾ? ಅಷ್ಟರಲ್ಲಿ ಕೈಗೆ ಸಿಕ್ಕಿದ್ದನ್ನು ಎರಚಬೇಡಿ. ಉರಿಯುತ್ತಿರುವುದು ಏನು ಅಂತ ಮೊದಲು ನೋಡಿ.

ತರಗೆಲೆ, ಸೌದೆ, ಗೋಣಿಚೀಲಕ್ಕೆ ನೀರೇ ಸರಿ. ತೊಂದರೆ ಏನಂದ್ರೆ, ದಪ್ಪ ತರಗೆಲೆಯ ಮೇಲೆ ಬರೀ ನೀರು ಜಾರಿ ಹೋಗುತ್ತದೆ, ಕೆಳಗಿನ ಕೆಂಡ ಹಾಗೇ ಇರುತ್ತದೆ. ಅದಕ್ಕೇ ಕಾಡಿನ ಬೆಂಕಿಗೆ ನೀರಿನ ಜೊತೆ ಸೋಪಿನ ಜಾತಿಯ 'ಎ ಕ್ಲಾಸ್' (ಸೌದೆ, ಎಲೆಯಂಥ ಘನವಸ್ತುಗಳ ಬೆಂಕಿಯ) ನೊರೆ ದ್ರಾವಣವನ್ನು ಶೇ 1ಕ್ಕಿಂತ ಕಡಿಮೆ ಬೆರೆಸುವುದುಂಟು. ಆಗ ನೀರು ಒಳಗಿಳಿಯುತ್ತದೆ. ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆಯುವ ಪಂಪನ್ನು ಚೆನ್ನಾಗಿ ತೊಳೆದು, ನೀರು ತುಂಬಿಸಿ ಬೇಸಿಗೆಯಿಡೀ ಸಿದ್ಧವಾಗಿಡಿ. ಉರಿ ಆರಿದ ಮೇಲೂ ಕೋಲಿನಲ್ಲಿ ಕೆದಕಿ ಇನ್ನೊಮ್ಮೆ ನೀರು ಹಾಕಿ.

ಅಡುಗೆಮನೆಯಲ್ಲಿ ಮಾತ್ರ ಇದೇ ನೀರು ಅಪಾಯ. ಹೋಂಸ್ಟೇ ನಡೆಸುವವರು ಇದನ್ನು ಅಡುಗೆಯವರಿಗೂ ಹೇಳಿಕೊಡಲೇಬೇಕು. ಕರಿಯುವ ಬಾಣಲೆಗೆ ಬೆಂಕಿ ಹತ್ತಿದಾಗ ನೀರು ಸುರಿದರೆ ಅದು ಎಣ್ಣೆಯ ಕೆಳಗಿಳಿದು ಒಂದೇ ಕ್ಷಣದಲ್ಲಿ ಆವಿಯಾಗುತ್ತದೆ, ಸುಮಾರು 1,700 ಪಟ್ಟು ಹಿಗ್ಗುತ್ತದೆ, ಉರಿಯುವ ಎಣ್ಣೆಯನ್ನು ಮಾಡಿನ ತನಕ ಎಸೆಯುತ್ತದೆ. ಒಲೆ ಆರಿಸಿ, ತಟ್ಟೆ ಮುಚ್ಚಿ, ಪೂರ್ತಿ ತಣಿಯುವ ತನಕ ತೆಗೆಯಬೇಡಿ. ದೊಡ್ಡ ಅಡುಗೆಮನೆಗೆ 'ವೆಟ್ ಕೆಮಿಕಲ್' ಸಿಲಿಂಡರ್ ಇಡುವುದು ಒಳ್ಳೆಯದು. ಅದರೊಳಗಿನ ಪೊಟ್ಯಾಸಿಯಂ ಅಸಿಟೇಟ್‌ನಂಥ ಲವಣ ಬಿಸಿ ಎಣ್ಣೆಯ ಜೊತೆ ಸೇರಿ ಸೋಪಿನಂಥ ಪದರ ಕಟ್ಟುತ್ತದೆ, ಎಣ್ಣೆಗೆ ಗಾಳಿ ಸಿಗುವುದಿಲ್ಲ. ಗ್ಯಾಸ್ ಸೋರಿ ಉರಿಯುತ್ತಿದ್ದರೆ ಮೊದಲು ರೆಗ್ಯುಲೇಟರ್ ಬಂದ್ ಮಾಡಿ. ಉರಿ ಮಾತ್ರ ಆರಿಸಿದರೆ ಗ್ಯಾಸ್ ಕೋಣೆಯಲ್ಲಿ ತುಂಬಿಕೊಂಡು ಸ್ಫೋಟಿಸಬಹುದು.

ಜನರೇಟರಿನ ಡೀಸೆಲ್‌ಗೆ ನೊರೆ ಅಥವಾ ಎಬಿಸಿ ಪುಡಿ (ಘನವಸ್ತು, ದ್ರವ, ಅನಿಲ ಮೂರರ ಬೆಂಕಿಗೂ ಆಗುವಂಥದ್ದು). ಈ ಪುಡಿಯ ಮುಖ್ಯ ವಸ್ತು ಮೋನೋ ಅಮೋನಿಯಂ ಫಾಸ್ಫೇಟ್. ಅದು ಉರಿಯ ರಾಸಾಯನಿಕ ಸರಪಳಿಯನ್ನು ಕಡಿಯುತ್ತದೆ, ಕೆಂಡದ ಮೇಲೆ ಕರಗಿ ಅಂಟಿಕೊಳ್ಳುತ್ತದೆ. ನೊರೆಯಲ್ಲಿ ಪ್ರಾಣಿಗಳ ಗೊರಸು, ಕೊಂಬಿನ ಪ್ರೋಟೀನಿನಿಂದ ಮಾಡಿದ್ದೂ ಇದೆ. ಇಂಧನದ ಮೇಲೆ ತೆಳು ಪದರ ಹರಡುವ ಹಳೇ ಎಎಫ್‌ಎಫ್‌ಎಫ್ ನೊರೆಯ ಫ್ಲೋರಿನ್ ರಾಸಾಯನಿಕಗಳು ಮಾತ್ರ ನೀರಿನಲ್ಲಿ, ಮಣ್ಣಿನಲ್ಲಿ ಕೊಳೆಯದೆ ಉಳಿಯುತ್ತವೆ. ನಮ್ಮ ತೋಡುಗಳ ನೀರು ಕೊನೆಗೆ ಕಾವೇರಿಗೋ ಪಶ್ಚಿಮದ ಹೊಳೆಗಳಿಗೋ ಹೋಗುತ್ತದೆ, ಹಾಗಾಗಿ ಕೊಳ್ಳುವಾಗ ಫ್ಲೋರಿನ್ ಇಲ್ಲದ ನೊರೆಯನ್ನೇ ಕೇಳಿ.

ಇನ್ವರ್ಟರ್, ಸ್ವಿಚ್‌ಬೋರ್ಡಿಗೆ ಮೇನ್ ಆಫ್ ಮಾಡಿ ಕಾರ್ಬನ್ ಡೈಆಕ್ಸೈಡ್ ಹೊಡೆಯಿರಿ. ಪುಡಿಯೂ ಆಗುತ್ತದೆ, ಆದರೆ ಯಂತ್ರದ ಒಳಗೆ ಸೇರಿ ತುಕ್ಕು ಹಿಡಿಸುತ್ತದೆ. ಸಣ್ಣ ಕೋಣೆಯಾದರೆ ಕಾರ್ಬನ್ ಡೈಆಕ್ಸೈಡ್ ಹೊಡೆದು ತಕ್ಷಣ ಹೊರಗೆ ಬನ್ನಿ, ಉಸಿರು ಕಟ್ಟುತ್ತದೆ. ಆ ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿನ ಕೊಳವೆಯ ಅಗಲ ಬಾಯಿಯನ್ನು ಬರಿಗೈಯಲ್ಲಿ ಹಿಡಿದರೆ ವಿಪರೀತ ಚಳಿಗೆ ಚರ್ಮ ಸುಡುತ್ತದೆ.

ಪುಡಿ ಸಿಲಿಂಡರ್ ಬಳಸುವುದು ಹೀಗೆ: ಬಾಗಿಲು ನಿಮ್ಮ ಬೆನ್ನಿಗಿರಲಿ, 2-3 ಮೀಟರ್ ದೂರ ನಿಂತು ಪಿನ್ ಎಳೆದು, ಉರಿಯ ಬುಡಕ್ಕೆ ಗುರಿಯಿಟ್ಟು, ಹಿಡಿ ಒತ್ತಿ ಎಡಕ್ಕೆ ಬಲಕ್ಕೆ ಆಡಿಸಿ. ಅರ್ಧ ನಿಮಿಷದೊಳಗೆ ಖಾಲಿಯಾಗುತ್ತದೆ. ಆಗಲೂ ಆರದಿದ್ದರೆ ಅಲ್ಲಿ ನಿಲ್ಲಬೇಡಿ, ಎಲ್ಲರನ್ನೂ ಹೊರಗೆ ಕರೆದುಕೊಂಡು ಬನ್ನಿ.

ಸ್ವಲ್ಪ ಬಳಸಿದರೂ ಮತ್ತೆ ತುಂಬಿಸಿ. ಮೀಟರಿನ ಮುಳ್ಳು ಹಸಿರಿನಲ್ಲಿದೆಯಾ ಅಂತ ತಿಂಗಳಿಗೊಮ್ಮೆ ನೋಡಿ, ಮಳೆಗಾಲದಲ್ಲಿ ಸಿಲಿಂಡರಿನ ಅಡಿಗೆ ತುಕ್ಕು ಹಿಡಿದಿದೆಯಾ ಅಂತಲೂ ನೋಡಿ. ಕಾರ್ಬನ್ ಡೈಆಕ್ಸೈಡಿನದಕ್ಕೆ ಮೀಟರ್ ಇರುವುದಿಲ್ಲ, ತೂಕ ಹಾಕಿಸಬೇಕು.