ಹನಿ ಕಾಣದೆ ಕೂಲೆಂಟ್ ಕಮ್ಮಿಯಾಗುತ್ತಿದ್ದರೆ ಹೀಗೆ ನೋಡಿ
ಪಿಕಪ್ ಗಾಡಿಯಲ್ಲಿ ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) ಇಳಿಯುತ್ತಲೇ ಇದೆ, ನೆಲದಲ್ಲಿ ಒಂದು ಹನಿಯೂ ಇಲ್ಲ ಅಂದರೆ, ಎಂಜಿನ್ ಪೂರ್ತಿ ತಣ್ಣಗಿದ್ದಾಗ ರೇಡಿಯೇಟರ್ ಬಾಯಿಗೆ ಪ್ರೆಷರ್ ಟೆಸ್ಟರ್ (ಒತ್ತಡ ತೋರಿಸುವ ಮುಳ್ಳಿರುವ ಕೈಪಂಪು) ಹಾಕಿಸಿ. ರೇಡಿಯೇಟರ್ ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ ಕೊಡಿ (0.9 ಬಾರ್ ಅಂತಿದ್ದರೆ ಸುಮಾರು 13 ಪಿಎಸ್‌ಐ), ಜಾಸ್ತಿ ಬೇಡ. 20 ನಿಮಿಷ ಹಾಗೇ ಬಿಡಿ. ಬಿಸಿ ಎಂಜಿನ್ ಮೇಲೆ ಸಣ್ಣ ಸೋರಿಕೆ ಕೆಳಗೆ ಬೀಳುವ ಮೊದಲೇ ಆವಿಯಾಗುತ್ತದೆ, ತಣ್ಣಗಿದ್ದರೆ ಹನಿಯಾಗಿ ನಿಲ್ಲುತ್ತದೆ. ಟಾರ್ಚ್ ಹಾಕಿ ಮೊದಲು ವಾಟರ್ ಪಂಪಿನ ಅಡಿಯ ಸಣ್ಣ ತೂತು ನೋಡಿ, ಆಮೇಲೆ ಹೋಸ್ ಕ್ಲಿಪ್‌ಗಳು. ಮುಚ್ಚಳವನ್ನೂ ಬಿಡಬೇಡಿ: ಅದರ ರಬ್ಬರ್ ಸವೆದಿದ್ದರೆ ಹೊಸ ಮುಚ್ಚಳವೇ ಸಾಕಾಗಬಹುದು, ಸುಮ್ನೆ ಎಂಜಿನ್ ಬಿಚ್ಚಿಸಬೇಡಿ. ಟೆಸ್ಟರ್ ಮುಳ್ಳು ಇಳಿಯುತ್ತಿದ್ದು ಹೊರಗೆಲ್ಲೂ ಹನಿ ಇಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲು) ಅಥವಾ ಇಜಿಆರ್ ಕೂಲರ್ (ಎಂಜಿನ್‌ಗೆ ಮರಳಿ ಹೋಗುವ ಹೊಗೆಯನ್ನು ತಣ್ಣಗಾಗಿಸುವ ಭಾಗ) ಒಳಗೇ ಸೋರುತ್ತಿದೆ ಅಂತ ಅನುಮಾನಪಡಿ. ಬಿಸಿಯಾದಾಗ ಮಾತ್ರ ಬಾಯಿಬಿಡುವ ಬಿರುಕು ತಣ್ಣಗಿದ್ದಾಗ ಮಾಡುವ ಈ ಪರೀಕ್ಷೆಗೆ ಸಿಗುವುದಿಲ್ಲ.